ಅಷ್ಟು ಕೆಟ್ಟದಾಗಿ ಸೋತ ಗೋಲ್ಡ್‌ವಾಟರ್‌ನನ್ನು ಇನ್ನೂ ಯಾಕೆ ನೆನೆಯುತ್ತಾರೆ?

ನೀವು ಎರಡು ವಿಷಯ ಕೇಳಿದ್ದೀರಿ. 1964ರ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದಿಂದ ನಿಂತು ನೆಲಕಚ್ಚಿದ ಬ್ಯಾರಿ ಗೋಲ್ಡ್‌ವಾಟರ್‌ನನ್ನು ಅಮೆರಿಕದ ಕನ್ಸರ್ವೇಟಿವ್‌ಗಳು ಈಗಲೂ ಮನೆಯ ಹಿರಿಯನ ಹಾಗೆ ಯಾಕೆ ನೆನೆಯುತ್ತಾರೆ? ಆತ ನಿಜಕ್ಕೂ ಅಷ್ಟು ದೊಡ್ಡ ಸಂಪ್ರದಾಯವಾದಿಯಾ?

ನಾನು ರಾಜ್ಯಶಾಸ್ತ್ರ ಓದಿದವನಲ್ಲ. ಈತನ ಹೆಸರು ನನಗೆ ಸಿಕ್ಕಿದ್ದು ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡೋ ಹುಚ್ಚಿನಿಂದ. ಕೆ7ಯುಜಿಎ ಅನ್ನೋ ಕಾಲ್‌ಸೈನ್ (ರೇಡಿಯೋದಲ್ಲಿ ಗುರುತಿನ ಹೆಸರು) ಹಿಂದೆ ಕೂತಿದ್ದವನು ಅರಿಜೋನಾದ ಸೆನೆಟರ್ ಅಂತ ಗೊತ್ತಾದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ.

ಮೊದಲು ಆ 'ಸಂಪ್ರದಾಯವಾದಿ' ಅನ್ನೋ ಪದವನ್ನು ಪಕ್ಕಕ್ಕಿಡಿ. ಅದು ಕಿವಿಗೆ ಬಿದ್ದ ತಕ್ಷಣ ನಮಗೆ ಮಡಿ, ಮೈಲಿಗೆ, ಮಠ ನೆನಪಾಗುತ್ತವೆ. ಗೋಲ್ಡ್‌ವಾಟರ್‌ಗೆ ಅದರ ಗೊಡವೆಯೇ ಇರಲಿಲ್ಲ. ಸರ್ಕಾರ ನನ್ನ ಅಂಗಡಿಗೆ ಬರಬಾರದು, ಮನೆಗೆ ಬರಬಾರದು, ಮಲಗೋ ಕೋಣೆಗಂತೂ ಬರಲೇಬಾರದು, ಹೊರಗಿನ ಶತ್ರುವನ್ನು ನೋಡಿಕೊಂಡರೆ ಸಾಕು. ಆತನ ಕನ್ಸರ್ವೇಟಿವ್ ವಾದ ಇಷ್ಟೇ.

ಹುಟ್ಟಿದ್ದು 1909ರಲ್ಲಿ, ಫೀನಿಕ್ಸ್‌ನಲ್ಲಿ. ಅರಿಜೋನಾ ರಾಜ್ಯವಾಗಿದ್ದೇ ಅದಾಗಿ ಮೂರು ವರ್ಷಕ್ಕೆ. ಅಜ್ಜ ಪೋಲೆಂಡಿನಿಂದ ಬಂದ ಯಹೂದಿ ವ್ಯಾಪಾರಿ, ಅಮ್ಮ ಕ್ರೈಸ್ತಳು. ಮನೆಯವರದ್ದು ದೊಡ್ಡ ಬಟ್ಟೆಬರೆ ಅಂಗಡಿ. ಅಪ್ಪ ತೀರಿಕೊಂಡಾಗ ಈತ ಒಂದೇ ವರ್ಷಕ್ಕೆ ಕಾಲೇಜು ಬಿಟ್ಟು ಗಲ್ಲಾ ಕಡೆ ಬಂದ. ಅಲ್ಲಿ ಕೆಂಪಿರುವೆಗಳ ಚಿತ್ರ ಅಚ್ಚು ಹಾಕಿಸಿದ ಗಂಡಸರ ಚಡ್ಡಿ ಮಾರಿ ಹೆಸರು ಮಾಡಿದ! 'ಸುಮ್ನೆ ಇರಲಾರದೆ ಇರುವೆ ಬಿಟ್ಕೊಂಡ' ಅನ್ನೋ ನಮ್ಮ ಗಾದೆ ಈತನಿಗಾಗಿಯೇ ಹುಟ್ಟಿದ್ದೋ ಏನೋ.

ಎರಡನೇ ಮಹಾಯುದ್ಧದಲ್ಲಿ ಸರಕು ವಿಮಾನ ಹಾರಿಸಿದ. ಅಮೆರಿಕದಿಂದ ಭಾರತದವರೆಗೆ ಸಾಮಾನು ತರುತ್ತಿದ್ದ, ಹಿಮಾಲಯ ದಾಟಿ ಚೀನಾಕ್ಕೂ ಒಯ್ದಿದ್ದ. ಊರಿಗೆ ಹೋಗಿ 1949ರಲ್ಲಿ ಫೀನಿಕ್ಸ್ ನಗರಸಭೆಗೆ ಗೆದ್ದ. ಮೂರೇ ವರ್ಷದಲ್ಲಿ ಸೆನೆಟ್. ಸೋಲಿಸಿದ್ದು ಯಾರನ್ನು ಗೊತ್ತಾ? ಸೆನೆಟ್‌ನಲ್ಲಿ ಬಹುಮತದ ನಾಯಕನಾಗಿದ್ದ ಅರ್ನೆಸ್ಟ್ ಮೆಕ್‌ಫಾರ್ಲಂಡ್‌ನನ್ನು. 1960ರಲ್ಲಿ ಈತನ ಹೆಸರಲ್ಲಿ ಒಂದು ಸಣ್ಣ ಪುಸ್ತಕ ಬಂದು ಸಿಕ್ಕಾಪಟ್ಟೆ ಖರ್ಚಾಯಿತು. ಬರೆದುಕೊಟ್ಟವನು ಬ್ರೆಂಟ್ ಬೊಜೆಲ್, ಹೆಸರು ಬಂದಿದ್ದು ಇವನಿಗೆ.

ಇನ್ನು 1964. ಆ ವರ್ಷ ಜೂನ್‌ನಲ್ಲಿ ನಾಗರಿಕ ಹಕ್ಕುಗಳ ಕಾಯ್ದೆಗೆ ವಿರುದ್ಧವಾಗಿ ಮತ ಹಾಕಿದ. ಹೋಟೆಲ್, ಅಂಗಡಿಗಳಲ್ಲಿ ಕರಿಯರನ್ನು ಹೊರಗಿಡುವುದನ್ನು ನಿಲ್ಲಿಸಿದ ಕಾಯ್ದೆ ಅದು. ವಿಚಿತ್ರ ಅಂದರೆ 1957 ಮತ್ತು 1960ರ ಹಕ್ಕು ಕಾಯ್ದೆಗಳಿಗೆ ಈತ ಬೆಂಬಲ ಕೊಟ್ಟಿದ್ದ. ಅರಿಜೋನಾದ ವಾಯುಪಡೆ ಗಾರ್ಡ್‌ನಲ್ಲಿ ಕರಿಯರು, ಬಿಳಿಯರು ಒಟ್ಟಿಗೆ ಇರಬೇಕು ಅಂತ ಓಡಾಡಿದವನೂ ಈತನೇ. ಖಾಸಗಿ ಅಂಗಡಿಯವನಿಗೆ ಕೇಂದ್ರ ಸರ್ಕಾರ ಆಜ್ಞೆ ಮಾಡಬಾರದು ಅನ್ನುವುದು ಈ ಸಲದ ವಾದ. ಅದನ್ನು ಎಷ್ಟು ಸಲ ಓದಿದರೂ ನನಗೆ ಒಪ್ಪಿಗೆಯಾಗಿಲ್ಲ. ಅಂಗಡಿ ಮಾಲೀಕನ ಸ್ವಾತಂತ್ರ್ಯ ಕಂಡಿತು, ಬಾಗಿಲಲ್ಲಿ ನಿಲ್ಲಿಸಿದವನದ್ದು ಕಾಣಲಿಲ್ಲ. ಜನಾಂಗ ದ್ವೇಷ ಇದ್ದ ಎಷ್ಟೋ ಜನ ಈತನ ಬೆನ್ನಿಗೆ ಬಂದು ನಿಂತರು.

ಬಾಯಿಗೆ ಬೀಗವೂ ಇರಲಿಲ್ಲ. ವಯಸ್ಸಾದವರು ತುಂಬಿರೋ ಫ್ಲೋರಿಡಾಕ್ಕೆ ಹೋಗಿ ಸೋಷಿಯಲ್ ಸೆಕ್ಯೂರಿಟಿ ಅನ್ನೋ ಸರ್ಕಾರಿ ಪಿಂಚಣಿ ಬಗ್ಗೆ, ಟೆನೆಸಿಗೆ ಹೋಗಿ ಅಲ್ಲಿನವರಿಗೆ ಕರೆಂಟ್ ಕೊಡೋ ಸರ್ಕಾರಿ ಯೋಜನೆಯ ಮೇಲೆ ಟೀಕೆ. ನೋಡಿ, ಮತ್ತೆ ಇರುವೆ! ಸ್ವಾತಂತ್ರ್ಯ ಕಾಪಾಡೋಕೆ ಅತಿರೇಕಕ್ಕೆ ಹೋದರೂ ತಪ್ಪಲ್ಲ ಅಂತ ಸ್ಯಾನ್ ಫ್ರಾನ್ಸಿಸ್ಕೋದ ಪಕ್ಷದ ಸಮಾವೇಶದಲ್ಲೇ ಹೇಳಿಬಿಟ್ಟ. ಎದುರಾಳಿ ಲಿಂಡನ್ ಜಾನ್ಸನ್ ಕಡೆಯವರಿಗೆ ಇನ್ನೇನು ಬೇಕು? ಸೆಪ್ಟೆಂಬರ್ 7ರಂದು ಟಿವಿಯಲ್ಲಿ ಒಂದು ಜಾಹೀರಾತು ಬಂತು. ಪುಟ್ಟ ಹುಡುಗಿಯೊಬ್ಬಳು ಹೂವಿನ ಎಸಳು ಕೀಳುತ್ತಾ ತಪ್ಪುತಪ್ಪಾಗಿ ಎಣಿಸುತ್ತಾಳೆ. ಆಮೇಲೆ ಗಂಡಸಿನ ದನಿ ಹಿಂದುಮುಂದಾಗಿ ಎಣಿಸುತ್ತದೆ, ಸೊನ್ನೆಗೆ ಬಂದಾಗ ಅಣುಬಾಂಬ್ ಸಿಡಿಯುತ್ತದೆ. ಗೋಲ್ಡ್‌ವಾಟರ್ ಹೆಸರನ್ನೇ ಎತ್ತಲಿಲ್ಲ. ದುಡ್ಡು ಕೊಟ್ಟು ಹಾಕಿಸಿದ್ದೂ ಒಂದೇ ಸಲ.

ಫಲಿತಾಂಶ: 50 ರಾಜ್ಯಗಳಲ್ಲಿ ಗೆದ್ದಿದ್ದು 6. ಸ್ವಂತ ಅರಿಜೋನಾ ಬಿಟ್ಟರೆ ಉಳಿದ ಐದೂ ದಕ್ಷಿಣದವು: ಅಲಬಾಮಾ, ಮಿಸಿಸಿಪ್ಪಿ, ಜಾರ್ಜಿಯಾ, ಲೂಸಿಯಾನಾ, ಸೌತ್ ಕೆರೊಲಿನಾ. ಮತ ಶೇ. 38.5.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಈ ಸೋಲಿನೊಳಗೇ ಇದೆ. ಅಲ್ಲಿಯವರೆಗೆ ಡೆಮಾಕ್ರಟ್ ಪಕ್ಷದ ಕೋಟೆಯಾಗಿದ್ದ ದಕ್ಷಿಣ ಬಿರುಕು ಬಿಟ್ಟಿದ್ದು ಆಗ. ಪೂರ್ವದ ಸಿರಿವಂತರ ಕೈಲಿದ್ದ ರಿಪಬ್ಲಿಕನ್ ಪಕ್ಷ ಅವರ ಕೈ ತಪ್ಪಿತು. ಮನೆಮನೆಗೆ ತಿರುಗಿದ ಕಾರ್ಯಕರ್ತರು, ಸಣ್ಣ ಚಂದಾ ಕೊಟ್ಟವರ ವಿಳಾಸದ ಪಟ್ಟಿ, ಎಲ್ಲವೂ ಮುಂದಿನವರಿಗೆ ಸಿಕ್ಕವು. ಚುನಾವಣೆಗೆ ಒಂದು ವಾರ ಇರುವಾಗ ಈತನ ಪರವಾಗಿ ಸಿನಿಮಾ ನಟನೊಬ್ಬ ಟಿವಿಯಲ್ಲಿ ಭಾಷಣ ಮಾಡಿದ. ರೊನಾಲ್ಡ್ ರೇಗನ್. ಅಂಗಡಿ ಮುಚ್ಚಿತು ಅಂತ ಎಲ್ಲರೂ ಅಂದುಕೊಂಡಾಗ ಹದಿನಾರು ವರ್ಷ ಬಿಟ್ಟು ಅದೇ ಸರಕನ್ನು ನಗುನಗುತ್ತಾ ಮಾರಿ ಅಧ್ಯಕ್ಷ ಚುನಾವಣೆ ಗೆದ್ದವನು ಆತ.

ಒಂದು ಸ್ವಾರಸ್ಯ. ಆ ಚುನಾವಣೆ ವೇಳೆ ಒಂದು ಪತ್ರಿಕೆ ಮನೋವೈದ್ಯರಿಗೆಲ್ಲ ಪತ್ರ ಬರೆದು ಈತನ ತಲೆ ಸರಿ ಇದೆಯಾ ಅಂತ ಕೇಳಿತ್ತು. 1,189 ಮಂದಿ ಅಧ್ಯಕ್ಷನಾಗಲು ಲಾಯಕ್ಕಿಲ್ಲ ಅಂದರು. ಒಬ್ಬರೂ ಆತನ ನಾಡಿ ಹಿಡಿದು ನೋಡಿದವರಲ್ಲ. ಈತ ಮಾನನಷ್ಟ ಮೊಕದ್ದಮೆ ಹಾಕಿ ಗೆದ್ದ. ತಾನು ಪರೀಕ್ಷಿಸದ ವ್ಯಕ್ತಿಯ ಮನಸ್ಸಿನ ಬಗ್ಗೆ ವೈದ್ಯರು ಸಾರ್ವಜನಿಕವಾಗಿ ತೀರ್ಪು ಕೊಡಬಾರದು ಅನ್ನೋ ನಿಯಮ ಅಲ್ಲಿ 1973ರಲ್ಲಿ ಬಂತು. ಜನ ಕರೆಯೋದು 'ಗೋಲ್ಡ್‌ವಾಟರ್ ನಿಯಮ' ಅಂತಲೇ.

1969ರಲ್ಲಿ ಮತ್ತೆ ಸೆನೆಟ್‌ಗೆ ಬಂದ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಈತನ ಮನೆಯ ರೇಡಿಯೋ ಕೋಣೆಯಿಂದ ಸೈನಿಕರ ಕರೆಗಳನ್ನು ಊರಿನ ಫೋನಿಗೆ ಜೋಡಿಸುತ್ತಿದ್ದರು. ಸ್ವಯಂಸೇವಕರ ಕೈಯಲ್ಲಿ ಲಕ್ಷಕ್ಕೂ ಮೀರಿ ಕರೆ ದಾಟಿವೆ. ಫೋನಿನಂತೆ ಅಲ್ಲಿ ಇಬ್ಬರೂ ಒಟ್ಟಿಗೆ ಮಾತಾಡೋಕಾಗಲ್ಲ. ಮಾತು ಮುಗಿದಾಗ 'ಓವರ್' ಅನ್ನಬೇಕು, ಆಗ ನಡುವಿನವನು ಸ್ವಿಚ್ ಒತ್ತಿ ತಿರುಗಿಸುತ್ತಾನೆ. ಅಂದರೆ 'ಐ ಲವ್ ಯೂ, ಓವರ್' ಅನ್ನೋದನ್ನೂ ಮೂರನೆಯವನು ಕೇಳಿಸಿಕೊಳ್ಳಲೇಬೇಕು! ನಮ್ಮ ಹವ್ಯಾಸದವರು ಆತನ ರಾಜಕೀಯ ಮರೆತು ಕೈಮುಗಿಯೋದು ಇದಕ್ಕೆ.

1974ರ ಆಗಸ್ಟ್ 7ರಂದು ಇನ್ನಿಬ್ಬರು ನಾಯಕರ ಜೊತೆ ಶ್ವೇತಭವನಕ್ಕೆ ಹೋಗಿ, ಸೆನೆಟ್‌ನಲ್ಲಿ ನಿಮ್ಮನ್ನು ಉಳಿಸುವಷ್ಟು ಮತ ಇಲ್ಲ ಅಂತ ವಾಟರ್‌ಗೇಟ್ ಹಗರಣದಲ್ಲಿ ಸಿಕ್ಕಿಬಿದ್ದಿದ್ದ ಅಧ್ಯಕ್ಷ ನಿಕ್ಸನ್ ಮುಖಕ್ಕೇ ಹೇಳಿದವನೂ ಈತ. ಮರುದಿನ ರಾತ್ರಿ ನಿಕ್ಸನ್ ರಾಜೀನಾಮೆ ಪ್ರಕಟಿಸಿದ. 1986ರ ಗೋಲ್ಡ್‌ವಾಟರ್–ನಿಕೋಲ್ಸ್ ಕಾಯ್ದೆ ಅಮೆರಿಕದ ಸೇನೆಯ ಬೇರೆ ಬೇರೆ ಪಡೆಗಳನ್ನು ಒಂದೇ ಆಜ್ಞೆಯಡಿ ಕೆಲಸ ಮಾಡುವಂತೆ ಮಾಡಿತು. ನಮ್ಮಲ್ಲಿ ಸಿಡಿಎಸ್ (ಸೇನಾಪಡೆಗಳ ಮುಖ್ಯಸ್ಥ) ಹುದ್ದೆಯ ಚರ್ಚೆ ನಡೆದಾಗ ಇದರ ಹೆಸರು ಪದೇ ಪದೇ ಬಂದಿತ್ತು.

ಎರಡನೇ ಪ್ರಶ್ನೆಗೆ ಉತ್ತರ ಆತನ ಕೊನೆಗಾಲದಲ್ಲಿದೆ. ಧರ್ಮಬೋಧಕರು ಪಕ್ಷದೊಳಗೆ ಬಂದು ಕೂತಾಗ ಈತ ಉರಿದುಬಿದ್ದ. ಗರ್ಭಪಾತ ಹೆಣ್ಣಿನ ನಿರ್ಧಾರ ಅಂದ. ಸಲಿಂಗಿಗಳು ಸೈನ್ಯದಲ್ಲಿರಲಿ, ಗುರಿಯಿಟ್ಟು ಹೊಡೆಯೋಕೆ ಬಂದರೆ ಸಾಕು ಅಂದ. ಹಳೇ ಬೆಂಬಲಿಗರು ಮುದುಕನಿಗೆ ಅರಳುಮರುಳು ಅಂದುಕೊಂಡರು. ನನಗೇನೋ ಆತ ನಿಂತಲ್ಲೇ ನಿಂತಿದ್ದ, ಪಕ್ಷ ಸರಿದುಹೋಯಿತು ಅನ್ನಿಸುತ್ತದೆ. ತೀರಿಕೊಂಡಿದ್ದು 1998ರ ಮೇ ತಿಂಗಳಲ್ಲಿ, 89ನೇ ವಯಸ್ಸಿಗೆ. ಅದಕ್ಕೆ ಎರಡು ವರ್ಷ ಮುಂಚೆ, ಆಗ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಸ್ವಪಕ್ಷದ ಬಾಬ್ ಡೋಲ್‌ಗೆ ಹೇಳಿದ್ದನಂತೆ: ರಿಪಬ್ಲಿಕನ್ ಪಕ್ಷದ ಹೊಸ ಲಿಬರಲ್‌ಗಳು ಅಂದರೆ ಈಗ ನಾವೇ, ಊಹಿಸೋಕಾಗುತ್ತಾ?