ಚುಕ್ಕೆಯಷ್ಟು ಹುಳುಕಿಗೆ ಅಷ್ಟು ಅಗಲದ ಗುಂಡಿ ಏಕೆ?

ಹಲ್ಲಿನ ಮೇಲಿನ ಸಾಸಿವೆಯಷ್ಟು ಕಪ್ಪು ಚುಕ್ಕೆಗೆ ದಂತವೈದ್ಯರು ಇಷ್ಟು ಅಗಲ ಕೊರೆದದ್ದು ಮೋಸವಲ್ಲವೇ ಎಂದು ಕೇಳಿದ್ದೀರಿ. ಹಾಸನದಲ್ಲಿ ದಿನವೂ ಹಲ್ಲು ನೋಡುವವಳು ನಾನು; ಅಗಲವೊಂದರಿಂದಲೇ ಮೋಸವೆನ್ನಲಾಗದು. ನಮ್ಮ ಆಲೂಗಡ್ಡೆಯನ್ನೇ ನೋಡಿ: ಸಿಪ್ಪೆಯ ಮೇಲೆ ಸಣ್ಣ ತೂತು, ಕೊಯ್ದರೆ ಒಳಗೆಲ್ಲ ಹುಳುಕು. ಹಲ್ಲಿನಲ್ಲೂ ಗಟ್ಟಿ ಹೊರಪದರವಾದ ಎನಾಮಲ್ ದಾಟಿ ಅದರ ಕೆಳಗಿನ ಮೆತ್ತನೆಯ ಪದರವಾದ ಡೆಂಟಿನ್ ತಲುಪಿದೊಡನೆ ಹುಳುಕು ಅಡ್ಡಕ್ಕೆ ಹರಡುತ್ತದೆ. ಚಮಚದಂಥ ಪುಟ್ಟ ಉಪಕರಣದಿಂದ ಕೆರೆದರೆ ಕೊಳೆತ ಡೆಂಟಿನ್ ಒದ್ದೆ ಚರ್ಮದಂತೆ ಪದರಪದರವಾಗಿ ಏಳುತ್ತದೆ. ಅಂಚಿನಲ್ಲಿ ಅದನ್ನು ಉಳಿಸಲೇಬಾರದು. ನರದ ಸಮೀಪ ಮಾತ್ರ ತುಸು ಬಿಡುವುದೇ ವಿವೇಕ. ಕೆಳಗೆ ಆಸರೆಯಿಲ್ಲದ ಎನಾಮಲ್ ಜಗಿಯುವಾಗ ಮುರಿಯುತ್ತದೆ; ಹಾಗಾಗಿ ಅದನ್ನೂ ತೆಗೆಯಬೇಕಾಗುತ್ತದೆ. ಗುಂಡಿಗೆ ತುಂಬುವ ಬೆಳ್ಳಿ ಬಣ್ಣದ ಲೋಹಮಿಶ್ರಣ ಅಮಾಲ್ಗಮ್ ತಾನಾಗಿ ಅಂಟದು. ಅದಕ್ಕೆ ಸುಮಾರು 1.5ರಿಂದ 2 ಮಿಲಿಮೀಟರ್ ಆಳದ, ಬಾಯಿಗಿಂತ ತಳ ಅಗಲವಾದ ಗುಂಡಿ ಬೇಕು. ಅಂಟಿಕೊಳ್ಳುವ, ಹಲ್ಲಿನ ಬಣ್ಣದ ಕಾಂಪೋಸಿಟ್‌ಗೆ ಅಷ್ಟು ಕೊರೆಯಬೇಕಿಲ್ಲ. ನಿಮಗೆ ಯಾವುದನ್ನು ತುಂಬಿದರೆಂದು ಆ ವೈದ್ಯರನ್ನೇ ಕೇಳಿ. ಎಕ್ಸ್‌ರೇ ಇದ್ದರೆ ತೋರಿಸಲು ಹೇಳಿ.