ರೀಡರ್ಸ್ ಡೈಜೆಸ್ಟ್ ಭಾರತಕ್ಕೆ ಬಂದಿದ್ದು ಯಾವಾಗ? ಕನ್ನಡದಲ್ಲೂ ಬರುತ್ತಿತ್ತಾ?

ಕನ್ನಡದಲ್ಲಿ ಬರಲಿಲ್ಲ. ಆದರೆ ಹುಬ್ಬಳ್ಳಿಯವನಾಗಿ ಅಷ್ಟಕ್ಕೇ ನಿಲ್ಲಿಸೋಕೆ ಮನಸ್ಸಿಲ್ಲ.

ಮೊದಲು ನೀವು ಕೇಳಿದ್ದಕ್ಕೆ ಉತ್ತರ. ಭಾರತದ ಆವೃತ್ತಿ ಶುರುವಾಗಿದ್ದು 1954ರಲ್ಲಿ, ಇಂಗ್ಲಿಷಿನಲ್ಲಿ, ಸುಮಾರು 40,000 ಪ್ರತಿಗಳೊಂದಿಗೆ. ಅಮೆರಿಕದ ಮೂಲ ಪತ್ರಿಕೆ 1922ರದು. ಅದನ್ನು ಹುಟ್ಟುಹಾಕಿದ ಡಿವಿಟ್ ವಾಲೇಸ್ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಫ್ರಾನ್ಸಿನ ಆಸ್ಪತ್ರೆ ಸೇರಿದ್ದರು. ಅಲ್ಲಿ ಹೊತ್ತು ಹೋಗದೆ ಸಿಕ್ಕ ಮ್ಯಾಗಜಿನ್ ಎಲ್ಲಾ ಓದಿ, ಉದ್ದದ ಲೇಖನಗಳನ್ನು ಕತ್ತರಿಸಿ ಚಿಕ್ಕದು ಮಾಡುವ ಅಭ್ಯಾಸ ಹಚ್ಚಿಕೊಂಡರು. ಊರಿಗೆ ಮರಳಿದ ಮೇಲೆ ಯಾವ ಪ್ರಕಾಶಕರೂ ಕೈ ಹಿಡಿಯಲಿಲ್ಲ. ಕೊನೆಗೆ ಹೆಂಡತಿ ಲೈಲಾ ಜತೆ ಸೇರಿ ನ್ಯೂಯಾರ್ಕಿನಲ್ಲಿ ತಾವೇ ಶುರು ಮಾಡಿದರು. ಚಂದಾದಾರರಿಗೆ ಅಂಚೆಯಲ್ಲಿ ಕಳಿಸುವ ಪತ್ರಿಕೆ ಅದು.

ನಮ್ಮ ಆವೃತ್ತಿಯನ್ನು ಬಹಳ ವರ್ಷ ಟಾಟಾ ಸಮೂಹ ನಡೆಸಿತು. ಆಮೇಲೆ ಇಂಡಿಯಾ ಟುಡೇಯ ಲಿವಿಂಗ್ ಮೀಡಿಯಾ ಕೈಗೆ ಬಂತು. 2008ರ ಸುಮಾರಿಗೆ ತಿಂಗಳಿಗೆ 6 ಲಕ್ಷಕ್ಕೂ ಜಾಸ್ತಿ ಪ್ರತಿ ಮಾರಾಟವಾಗುತ್ತಿತ್ತು. ಹಿಂದಿಯಲ್ಲಿ 80ರ ದಶಕದಲ್ಲಿ ‘ಸರ್ವೋತ್ತಮ’ ಅಂತ ಬರುತ್ತಿತ್ತು. ಅದರ ಮೊದಲ ಸಂಪಾದಕ ಅರವಿಂದ ಕುಮಾರ್, ಮುಂದೆ ಹಿಂದಿಗೆ ‘ಸಮಾಂತರ ಕೋಶ’ ಎಂಬ ಥಿಸಾರಸ್ (ಸಮಾನಾರ್ಥಕ ಪದಗಳ ಕೋಶ) ಮಾಡಿಕೊಟ್ಟವರು. 1938ರಲ್ಲಿ ಶುರುವಾದ ಬ್ರಿಟನ್ ಆವೃತ್ತಿ 2024ರಲ್ಲಿ ಬಾಗಿಲು ಹಾಕಿತು. ಆಗಲೂ ನಮ್ಮದು ಬರುತ್ತಲೇ ಇತ್ತು ನೋಡಿ.

ಈಗ ಕನ್ನಡದ ವಿಷಯ. 1956ರಲ್ಲಿ, ಅಂದರೆ ಡೈಜೆಸ್ಟ್ ಇಲ್ಲಿಗೆ ಬಂದ ಎರಡೇ ವರ್ಷಕ್ಕೆ, ಹುಬ್ಬಳ್ಳಿಯಿಂದ ‘ಕಸ್ತೂರಿ’ ಹೊರಟಿತು. ‘ಸಂಯುಕ್ತ ಕರ್ನಾಟಕ’ ನಡೆಸುವ ಲೋಕ ಶಿಕ್ಷಣ ಟ್ರಸ್ಟಿನ ಮಾಸಿಕ. ಅಳತೆ ಅದೇ ಕೈಯಗಲ, ಅಂಗಿ ಜೇಬಿಗೆ ಸ್ವಲ್ಪ ದೊಡ್ಡದು, ಚೀಲಕ್ಕೆ ಸರಿ. ವಿಜ್ಞಾನ, ಬೇಟೆ, ಇತಿಹಾಸ, ಆರೋಗ್ಯ, ನಡುನಡುವೆ ನಗೆಹನಿ, ಕೊನೆಗೆ ಒಂದು ಇಡೀ ಪುಸ್ತಕದ ಸಂಗ್ರಹ. ಮಾದರಿ ಅಮೆರಿಕದ್ದು, ಒಪ್ಪೋಣ. ಆದರೆ ಒಳಗಿನ ರುಚಿ ಸಂಪಾದಕ ಪಾ.ವೆಂ. ಆಚಾರ್ಯರದು. ಉಡುಪಿ ಕಡೆಯಿಂದ ಬಂದ ಆ ಮನುಷ್ಯ ಎಲ್ಲವನ್ನೂ ಓದುತ್ತಿದ್ದರು, ಎಲ್ಲದರ ಬಗ್ಗೆಯೂ ಬರೆಯುತ್ತಿದ್ದರು. ಲಾಂಗೂಲಾಚಾರ್ಯ ಎಂಬ ಹೆಸರಲ್ಲಿ ಹರಟೆ, ತಮ್ಮ ಹೆಸರಲ್ಲಿ ಗಂಭೀರ ಲೇಖನ.

ನಮ್ಮ ಮನೆಯಲ್ಲಿ ಎರಡೂ ಬರುತ್ತಿದ್ದವು. ಅಪ್ಪ ಡೈಜೆಸ್ಟನ್ನು ಇಂಗ್ಲಿಷ್ ಕಲಿಯಲಿ ಅಂತ ನನ್ನ ಮುಂದೆ ಇಡುತ್ತಿದ್ದರು, ನಾನು ಜೋಕು ಓದಿ ಮುಚ್ಚಿಡುತ್ತಿದ್ದೆ. ಅವ್ವನ ಕೈಯಿಂದ ಕಸ್ತೂರಿ ಸಿಗೋದೇ ಕಷ್ಟವಾಗಿತ್ತು. ಡೈಜೆಸ್ಟ್ ಬರುತ್ತಿದ್ದುದು ಇಂಗ್ಲಿಷ್ ಬಲ್ಲ ಮನೆಗಳಿಗೆ. ಕಸ್ತೂರಿ ಗದಗ, ಹಾವೇರಿ ಕಡೆ ಹಳ್ಳಿ ಮಾಸ್ತರರ ಮನೆಯಲ್ಲೂ ಇರುತ್ತಿತ್ತು. ಕನ್ನಡ ಆವೃತ್ತಿ ಬೇಕು ಅಂತ ಇಲ್ಲಿ ಯಾರಿಗೂ ಅನ್ನಿಸದೆ ಹೋಗಿದ್ದು ಇದಕ್ಕೇ ಅಂತ ನನ್ನ ಲೆಕ್ಕ.

ಹಳೇ ಪುಸ್ತಕದಂಗಡಿಯಲ್ಲಿ 60ರ ದಶಕದ ಕಸ್ತೂರಿ ಕಂಡರೆ ಚೌಕಾಸಿ ಮಾಡದೆ ತಗೊಳ್ಳಿ. ಹಿಂದಿನ ಪುಸ್ತಕ ವಿಭಾಗ ಯಾರೂ ಹರಿದುಕೊಂಡಿಲ್ಲ ತಾನೇ ಅಂತ ಮಾತ್ರ ನೋಡಿಕೊಳ್ಳಿ.