ಅಗಲದ ಟೈರ್ ಹಾಕಿದರೆ ಕಾರು ಮೆತ್ತಗೆ ಓಡುತ್ತದಾ? ಹಾಕಿಸಿ, ಕಳಚಿಸಿ ಬಂದವನ ಉತ್ತರ

ಅಪ್ಪನಿಗೆ ಬೆನ್ನು ನೋವು, ಕಾರು ಎತ್ತಿ ಹಾಕುತ್ತದೆ, 14 ಇಂಚಿನ ಚಕ್ರ ತೆಗೆದು 16 ಇಂಚಿನ ಮಿಶ್ರಲೋಹದ ಚಕ್ರಕ್ಕೆ, ಅಂದರೆ ಅಲಾಯ್‌ಗೆ, ಅಗಲದ ಟೈರ್ ಹಾಕಿಸಿದರೆ ಮೆತ್ತಗಾಗುತ್ತದೆ ಅಂತ ಸ್ನೇಹಿತರು ಹೇಳಿದ್ದಾರೆ, ಯಾವ ಕಂಪನಿದು ತಗೊಳ್ಳಲಿ ಅಂತ ಕೇಳಿದ್ದೀರಿ. ಅಪ್ಪ ಇದ್ದ ಕಡೆ ಅಮ್ಮ ಅಂತ ಬರೆದುಕೊಂಡರೆ ಇದು 2019ರಲ್ಲಿ ನಾನು ಕೇಳಿದ ಪ್ರಶ್ನೆಯೇ. ಕಂಪನಿ ಹೆಸರು ಆಮೇಲೆ ನೋಡೋಣ. ಅಲಾಯ್ ಅಂಗಡಿಗೆ ಅಡ್ವಾನ್ಸ್ ಕೊಟ್ಟಿದ್ದರೆ ಮೊದಲು ಹೋಗಿ ವಾಪಸ್ ಇಸ್ಕೊಳ್ಳಿ.

ನನ್ನದು 2014ರ ಸ್ವಿಫ್ಟ್, ವಿಎಕ್ಸ್‌ಐ. ಕಂಪನಿಯಿಂದ ಬಂದದ್ದು 165/80 R14 ಟೈರ್, ಕಬ್ಬಿಣದ ಡಿಸ್ಕ್ (ಟೈರ್ ಕೂರುವ ರಿಮ್). ಅಮ್ಮನಿಗೆ ಬೆನ್ನುಮೂಳೆಯ ಡಿಸ್ಕ್ ಜರುಗಿತ್ತು. ತಿಂಗಳಿಗೊಮ್ಮೆ ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು, ಹೆಬ್ರಿ ಮೇಲೆ ಮಣಿಪಾಲಕ್ಕೆ ಡಾಕ್ಟರ ಹತ್ತಿರ ಹೋಗಬೇಕಿತ್ತು. ಹಿಂದಿನ ಸೀಟಿನಲ್ಲಿ ದಿಂಬು ಒತ್ತಿಕೊಂಡು ಕೂರುತ್ತಿದ್ದರು. ಪ್ರತಿ ಹಂಪ್‌ಗೂ ಒಂದು "ಅಯ್ಯೋ" ಕೇಳುತ್ತಿತ್ತು. ಹಂಪ್ ಅಂದರೆ ಹೇಗಿರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯೇ ಇದೆ. 10 ಸೆಂಟಿಮೀಟರ್ ಎತ್ತರ ಇರಬೇಕು, ಅದು 3.7 ಮೀಟರ್ ಉದ್ದಕ್ಕೆ ಹರಡಿಕೊಂಡಿರಬೇಕು. ನಮ್ಮ ದಾರಿಯಲ್ಲಿ ಇದ್ದವು ರಸ್ತೆಗೆ ಅಡ್ಡ ಮಲಗಿಸಿದ ಅಡಿಕೆ ಮರದ ಹಾಗೆ. ಇರಲಿ, ಅದನ್ನು ಟೈರ್ ಅಂಗಡಿಯವರು ಸರಿ ಮಾಡುವುದಕ್ಕಾಗುವುದಿಲ್ಲ.

ಟೈರ್ ಐದು ವರ್ಷದ್ದಾಗಿತ್ತು, ಹೇಗೂ ಬದಲಾಯಿಸಬೇಕಿತ್ತು. ಶಿವಮೊಗ್ಗದಲ್ಲಿ ಒಂದು ಅಂಗಡಿಗೆ ಹೋದೆ. ಗೋಡೆ ತುಂಬ ಅಲಾಯ್ ನೇತು ಹಾಕಿದ್ದರು. "ಸಾರ್, ಇಷ್ಟು ಸಣ್ಣ ಟೈರಲ್ಲಿ ಕಂಫರ್ಟ್ ಎಲ್ಲಿಂದ ಬರುತ್ತೆ? 195 ಹಾಕ್ಸಿ, ರೋಡ್ ಹಿಡ್ಕೊಂಡು ಹೋಗುತ್ತೆ" ಅಂದ. ಅಗಲದ ಹಾಸಿಗೆ ಮೆತ್ತಗಿರುತ್ತದೆ ಅನ್ನುವ ಹಾಗೆ ನನಗೂ ಸರಿ ಅನ್ನಿಸಿತು. 195/55 R16 ಅಂತ ತೋರಿಸಿದ. ಗಾಡಿಗೆ ಕೂರುತ್ತಾ ಅಂತ ಕೇಳಿದೆ. "ಅಳತೆ ಪಕ್ಕಾ ಸಾರ್, ಮೀಟರ್ ಕೂಡ ತಪ್ಪು ತೋರಿಸಲ್ಲ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಅಲ್ಲೇ ನಾನು ಬಿದ್ದದ್ದು.

ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರಾದರೂ ಓದಿ. ಟೈರಿನ ಮೇಲಿನ ಮೊದಲ ಅಂಕಿ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕದ ಗೋಡೆಯ ಎತ್ತರ. ಆದರೆ ಅದು ಮಿಲಿಮೀಟರಲ್ಲ, ಅಗಲದ ಶೇಕಡಾವಾರು. ಕೊನೆಯದು ರಿಮ್ ಎಷ್ಟು ಇಂಚು ಅಂತ. ಈಗ ಲೆಕ್ಕ ಹಾಕಿ. ನನ್ನ ಹಳೆಯದರಲ್ಲಿ 165ರ ಶೇಕಡಾ 80, ಅಂದರೆ 132 ಮಿಲಿಮೀಟರ್ ಗೋಡೆ. ಹೊಸದರಲ್ಲಿ 195ರ ಶೇಕಡಾ 55, ಅಂದರೆ 107. ಇಡೀ ಚಕ್ರದ ಎತ್ತರ ಎರಡರಲ್ಲೂ ಸುಮಾರು 620 ಮಿಲಿಮೀಟರೇ. ಅದಕ್ಕೇ ಗಾಡಿಗೆ ಸರಿಯಾಗಿ ಕೂತಿತು, ಸ್ಪೀಡೋಮೀಟರ್ ಕೂಡ ಸರಿಯಾಗಿ ತೋರಿಸಿತು. ಆದರೆ ಒಳಗೆ ಲೋಹ ದೊಡ್ಡದಾಯಿತು, ಹೊರಗೆ ರಬ್ಬರ್ 25 ಮಿಲಿಮೀಟರ್ ಸಣ್ಣದಾಯಿತು. ಸುತ್ತಲೂ ಒಂದು ಇಂಚು ಗಾಳಿಯ ದಿಂಬು ಕಿತ್ತು ತೆಗೆದ ಹಾಗೆ.

ಮೆತ್ತಗಿರುವುದು ಆ ಗೋಡೆಯಲ್ಲಿ. ಗುಂಡಿಯ ಅಂಚು ಬಡಿದಾಗ ಮೊದಲು ಬಳುಕುವುದು ಅದು, ಸ್ಪ್ರಿಂಗ್‌ಗೆ ಕೆಲಸ ಬರುವುದು ಆಮೇಲೆ. ಗೋಡೆ ಗಿಡ್ಡ ಆದಷ್ಟೂ ಬಳುಕುವುದಕ್ಕೆ ಜಾಗ ಕಡಿಮೆ. ಮೇಲಿಂದ ದೊಡ್ಡ ಚಕ್ರ ಸಾಮಾನ್ಯವಾಗಿ ಭಾರವೂ ಹೌದು. ಭಾರದ ಚಕ್ರ ಮೇಲೆ ಹಾರಿದರೆ ಅದನ್ನು ಹಿಡಿದು ಕೂರಿಸುವುದಕ್ಕೆ ಶಾಕ್ ಅಬ್ಸಾರ್ಬರ್ ಜಾಸ್ತಿ ಒದ್ದಾಡಬೇಕು. ಅಗಲದಿಂದ ತಿರುವಿನಲ್ಲಿ ಹಿಡಿತ ಬರಬಹುದು, ನೋಡುವುದಕ್ಕೆ ಚೆಂದ ಇರಬಹುದು. ಅಮ್ಮನ ಬೆನ್ನಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ನಮ್ಮ ಮಳೆಗಾಲಕ್ಕೆ ಅಗಲದ ಟೈರ್ ಇನ್ನೂ ತೊಂದರೆ. ರಸ್ತೆ ಮೇಲೆ ನೀರು ನಿಂತಿದ್ದರೆ ಸಣ್ಣ ಟೈರ್ ಸೀಳಿಕೊಂಡು ಹೋಗುತ್ತದೆ, ಅಗಲದ್ದು ಬೇಗ ನೀರಿನ ಮೇಲೆ ತೇಲುತ್ತದೆ.

ಇಷ್ಟು ಲೆಕ್ಕ ಮಾಡುವುದಕ್ಕೆ ಎರಡು ನಿಮಿಷ ಸಾಕು. ನಾನು ಇಂಜಿನಿಯರಿಂಗ್ ಓದಿದವನು. ಆದರೂ "ಕೂರುತ್ತಾ" ಅಂತ ಕೇಳಿದೆನೇ ಹೊರತು "ರಬ್ಬರ್ ಎಷ್ಟು ಉಳಿಯುತ್ತೆ" ಅಂತ ಕೇಳಲಿಲ್ಲ. ಎಲ್ಲ ಸೇರಿ 54 ಸಾವಿರ ಕೊಟ್ಟೆ. ಹಳೇ ಟೈರ್ ಅಂಗಡಿಯವನಿಗೇ ಬಿಟ್ಟೆ, ಡಿಸ್ಕ್ ನಾಲ್ಕನ್ನು ಮನೆಗೆ ತಂದು ಕೊಟ್ಟಿಗೆಯಲ್ಲಿ ಹಾಕಿದೆ.

ಮೊದಲ ಸಲ ಕೂತಾಗ ಅಮ್ಮ ಕೋಣಂದೂರು ರಸ್ತೆಯಲ್ಲೇ ತೀರ್ಪು ಕೊಟ್ಟರು. "ಇದಕ್ಕಿಂತ ಮಿನಿ ಬಸ್ಸೇ ವಾಸಿ ಮಾರಾಯ." ಹೊಸದು, ಸ್ವಲ್ಪ ಓಡಲಿ, ಮೆತ್ತಗಾಗುತ್ತದೆ ಅಂದೆ. ಚಪ್ಪಲಿ ಕಡಿದರೆ ಹಾಗನ್ನುತ್ತೇವಲ್ಲ, ಅದೇ ಥರ. ಆಗಲಿಲ್ಲ.

ಜುಲೈ ತಿಂಗಳಲ್ಲಿ ಆಗುಂಬೆಗೆ ಮುಂಚೆ ಒಂದು ಗುಂಡಿ. ನೀರು ತುಂಬಿದ್ದರಿಂದ ಆಳ ಕಾಣಲಿಲ್ಲ. ಧಡ್ ಅಂತ ಶಬ್ದ, ಅಮ್ಮನಿಂದ "ಅಯ್ಯೋ" ಕೂಡ ಇಲ್ಲ, ಬರೀ ಉಸಿರು ಹಿಡಿದ ಸದ್ದು. ಇಳಿದು ನೋಡಿದರೆ ಎಡಗಡೆ ಮುಂದಿನ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರ ಉಬ್ಬಿಕೊಂಡಿದೆ, ಅಲಾಯ್ ಅಂಚು ಬೆಂಡ್. ಗೋಡೆ ಗಿಡ್ಡ ಇದ್ದಾಗ ಹೀಗೆ ಆಗುವುದು ಸುಲಭ. ಗುಂಡಿಯ ಅಂಚಿಗೂ ರಿಮ್‌ಗೂ ಮಧ್ಯೆ ರಬ್ಬರ್ ಸಿಕ್ಕಿ ಜಜ್ಜಿಹೋಗುತ್ತದೆ, ಒಳಗಿನ ನೂಲು ತುಂಡಾಗುತ್ತದೆ, ಗಾಳಿ ಅಲ್ಲಿಂದ ಹೊರಗೆ ತಳ್ಳುತ್ತದೆ. ಇದಕ್ಕೆ ಪ್ಯಾಚ್ ಇಲ್ಲ, ಯಾವ ಪಂಕ್ಚರ್ ಅಂಗಡಿಯವರು ಹಾಕುತ್ತೇನೆ ಅಂದರೂ ಹಾಕಿಸಬೇಡಿ. ಯಾವಾಗ ಬೇಕಾದರೂ ಒಡೆಯಬಹುದು. ಮಳೆಯಲ್ಲಿ ಸ್ಟೆಪ್ನಿ ಹಾಕಿದೆ. ಸ್ಟೆಪ್ನಿ ಹಳೇ 14 ಇಂಚಿನದೇ ಇತ್ತು.

ಇನ್ಶೂರೆನ್ಸ್ ಕೇಳಿದೆ. ಗಾಡಿಗೆ ಬೇರೆ ಏನೂ ಆಗದೆ ಟೈರ್ ಮಾತ್ರ ಹೋದರೆ ಮಾಮೂಲಿ ಪಾಲಿಸಿಯಲ್ಲಿ ಬರುವುದಿಲ್ಲ, ಅದಕ್ಕೆ ಬೇರೆ ಆಡ್-ಆನ್ ಮಾಡಿಸಿರಬೇಕು. ನಾನು ಮಾಡಿಸಿರಲಿಲ್ಲ. ಒಂದು ಟೈರ್ ಮತ್ತು ಅಲಾಯ್ ನೆಟ್ಟಗೆ ಮಾಡಿಸಿದ್ದಕ್ಕೆ 8,300 ಹೋಯಿತು. ದೀಪಾವಳಿ ಹೊತ್ತಿಗೆ ಸೋತು, ಅಲಾಯ್ ಟೈರ್ ಸಮೇತ 19 ಸಾವಿರಕ್ಕೆ ಮಾರಿದೆ. ತಗೊಂಡ ಹುಡುಗ ತುಂಬಾ ಖುಷಿಯಾಗಿದ್ದ. ನಾನು ಏನೂ ಹೇಳಲಿಲ್ಲ. 43 ಸಾವಿರದ ಚಿಲ್ಲರೆ ಸುಮ್ನೆ ಹೋಯಿತು.

ಕೊಟ್ಟಿಗೆಯಿಂದ ಡಿಸ್ಕ್ ಹೊರಗೆ ತೆಗೆದರೆ ಒಂದರಲ್ಲಿ ಕೋಳಿ ಮೊಟ್ಟೆ ಇಟ್ಟು ಕೂತಿತ್ತು. ಮರಿ ಆಗುವವರೆಗೆ ಅದನ್ನು ಮುಟ್ಟಬೇಡ ಅಂತ ಅಮ್ಮನ ಆಜ್ಞೆ. ಹಾಗಾಗಿ ಎರಡು ವಾರ ತಡ. ಆಮೇಲೆ 165/80 R14 ಅದೇ ಅಳತೆಯ ಹೊಸ ಟೈರ್ ನಾಲ್ಕು, 16 ಸಾವಿರಕ್ಕೆ, ಬೇರೆ ಅಂಗಡಿಯಲ್ಲಿ ಹಾಕಿಸಿದೆ. ಈಗ ನೋಡಿ ಅಂತ ಅಮ್ಮನನ್ನು ಕೂರಿಸಿಕೊಂಡು ಹೊರಟೆ.

ಅದೇ ಕಥೆ. 16 ಇಂಚಿನದಕ್ಕಿಂತ ಸ್ವಲ್ಪ ಪರವಾಗಿಲ್ಲ, ಆದರೆ ಸಣ್ಣ ಸಣ್ಣ ಜಲ್ಲಿಯೂ ಸ್ಟೇರಿಂಗ್‌ಗೆ ಗೊತ್ತಾಗುತ್ತಿತ್ತು. ನನಗೆ ಅಳುವೇ ಬಂತು. ಸಸ್ಪೆನ್ಷನ್ನೇ ಹೋಗಿದೆ, ಗಾಡಿ ಮಾರುವುದೇ ವಾಸಿ ಅಂತ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ವಯಸ್ಸಾದವರು, ಬಾನೆಟ್ ಮೂಲೆಯನ್ನು ಒತ್ತಿ ಬಿಟ್ಟರು. ಗಾಡಿ ಮೇಲೆ ಬಂದು ಅಲ್ಲೇ ನಿಂತಿತು. ಎರಡು ಮೂರು ಸಲ ಕುಣಿದಿದ್ದರೆ ಶಾಕ್ ಅಬ್ಸಾರ್ಬರ್ ಹೋಗಿದೆ ಅಂತ. ಆಮೇಲೆ ಟೈರಿಗೆ ಗಾಳಿಯ ಒತ್ತಡ ಅಳೆಯುವ ಗೇಜ್ ಹಾಕಿ ನನ್ನ ಮುಖ ನೋಡಿದರು. 41 ಪಿಎಸ್‌ಐ.

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ, ಅದರಲ್ಲಿ ಎಷ್ಟು ಗಾಳಿ ಅಂತ ಇರುತ್ತದೆ. ನನ್ನ ಗಾಡಿಯದು 30ರ ಆಸುಪಾಸು. ಐದು ವರ್ಷ ದಿನಾ ಆ ಬಾಗಿಲು ತೆಗೆದಿದ್ದೇನೆ, ಒಂದು ದಿನವೂ ಓದಿರಲಿಲ್ಲ. ಹೊಸ ಟೈರನ್ನು ರಿಮ್‌ಗೆ ಕೂರಿಸುವಾಗ ಜಾಸ್ತಿ ಗಾಳಿ ಹೊಡೆಯುತ್ತಾರೆ, ಅಂಚು "ಟಪ್" ಅಂತ ಕೂರಬೇಕಲ್ಲ. ಆಮೇಲೆ ಇಳಿಸಬೇಕು. ಅಂಗಡಿಯಲ್ಲಿ ಇಳಿಸಿರಲಿಲ್ಲ. ಟೈರಿನ ಪಕ್ಕದಲ್ಲೇ 44 ಅಂತ ಬರೆದಿದೆಯಲ್ಲ ಅಂತ ನಾನು ವಾದ ಮಾಡಿದೆ. ಅದು ಆ ಟೈರ್ ತಡೆಯುವ ಗರಿಷ್ಠ, ನಿಮ್ಮ ಗಾಡಿಗೆ ಬೇಕಾದದ್ದಲ್ಲ ಅಂದರು. "ಹೊಟ್ಟೆಗೆ ಹಿಡಿಸುವಷ್ಟೂ ದಿನಾ ಉಣ್ತೀರಾ?"

ಗಾಳಿ ಇಳಿಸಿಕೊಂಡು ಹೊರಟೆ. ಬೇರೆ ಗಾಡಿ. ಉತ್ಪ್ರೇಕ್ಷೆ ಅಲ್ಲ. ಅಮ್ಮ ಹೆಬ್ರಿ ದಾಟುವ ಹೊತ್ತಿಗೆ ನಿದ್ದೆ ಹೋಗಿದ್ದರು.

ಆವತ್ತಿನಿಂದ ನನಗೆ ಒಂದೇ ಕೊರೆತ. ಈ ಎಲ್ಲ ಶುರುವಾಗುವ ಮುಂಚೆ, ಹಳೇ ಟೈರಿನಲ್ಲಿ ಗಾಳಿ ಎಷ್ಟಿತ್ತು? ಬಂಕ್‌ನಲ್ಲಿ ಹುಡುಗ "ಎಷ್ಟು ಸಾರ್" ಅಂದರೆ "ಹೈವೇ ಹೋಗಬೇಕು, ನೋಡಿ ಹಾಕಪ್ಪ" ಅನ್ನುತ್ತಿದ್ದೆ. ಅವನು ನೋಡಿ ಹಾಕುತ್ತಿದ್ದ.

ಈಗ ನಿಮ್ಮ ವಿಷಯ. ನೀವು ಕೇಳಿದ್ದು ಕಂಪನಿ. ಅದು ನನ್ನ ಲೆಕ್ಕದಲ್ಲಿ ನಾಲ್ಕನೆಯದು. ಮೊದಲು ಗಾಳಿ. ಎರಡನೆಯದು ಟೈರಿನ ವಯಸ್ಸು. ಪಕ್ಕದಲ್ಲಿ DOT ಅಂತ ಇರುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ, 2319 ಅಂತಿದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು. ರಬ್ಬರ್ ಹಳೆಯದಾದಂತೆ ಗಟ್ಟಿಯಾಗುತ್ತದೆ, ಗ್ರಿಪ್ ಗೆರೆ ಚೆನ್ನಾಗಿ ಕಂಡರೂ. ಆರು ವರ್ಷ ಆಗಿದ್ದರೆ ಬದಲಾಯಿಸಿ. ಹೊಸದು ತಗೊಳ್ಳುವಾಗಲೂ ಅದನ್ನೇ ನೋಡಿ, ಗೋಡೌನಿನಲ್ಲಿ ಎರಡು ವರ್ಷ ಕೂತದ್ದನ್ನು ಆಫರ್ ಅಂತ ಕೊಡುತ್ತಾರೆ. ಮೂರನೆಯದು ಅಳತೆ, ಚೀಟಿಯಲ್ಲಿ ಇರುವುದನ್ನೇ ಹಾಕಿಸಿ. ನಿಮ್ಮದೇ ಮಾಡೆಲಿನ ಮೇಲಿನ ವೇರಿಯಂಟ್‌ಗೆ ದೊಡ್ಡ ರಿಮ್ ಕೊಟ್ಟಿದ್ದಾರೆ ಅಂತೀರಿ, ಗೊತ್ತು. ಸ್ವಿಫ್ಟ್‌ನಲ್ಲೂ ಝಡ್‌ಎಕ್ಸ್‌ಐಗೆ 185/65 R15 ಬರುತ್ತಿತ್ತು. ಅದರ ಗೋಡೆ 120 ಮಿಲಿಮೀಟರ್. ಚೆಂದಕ್ಕೆ ಸರಿ, ಬೆನ್ನು ನೋವಿಗೆ ಕೆಳಗಿನ ವೇರಿಯಂಟೇ ವಾಸಿ.

ಕಂಪನಿ ಬೇಕೇ ಬೇಕು ಅಂದರೆ, ಹೆಸರಿಗಿಂತ ಜಾತಿ ನೋಡಿ. ಪ್ರತಿ ಕಂಪನಿಯಲ್ಲೂ ಎರಡು ಮೂರು ಥರ ಇರುತ್ತವೆ. ಟ್ಯಾಕ್ಸಿಯವರಿಗೆ ಅಂತ ಜಾಸ್ತಿ ಕಿಲೋಮೀಟರ್ ಬಾಳುವುದು ಒಂದು, ಅದರ ರಬ್ಬರ್ ಸಾಮಾನ್ಯವಾಗಿ ಗಟ್ಟಿ. ಸದ್ದು ಕಡಿಮೆ, ಮೆತ್ತಗೆ ಅಂತ ಮಾರುವುದು ಇನ್ನೊಂದು. ಕಾಂಟಿನೆಂಟಲ್‌ನಲ್ಲಿ ಕಂಫರ್ಟ್‌ಕಾಂಟ್ಯಾಕ್ಟ್, ಮಿಷೆಲಿನ್‌ನಲ್ಲಿ ಪ್ರೈಮಸಿ ಆ ಜಾತಿಯವು, ನಿಮ್ಮ ಅಳತೆಯಲ್ಲಿ ಸಿಗುತ್ತದಾ ಅಂತ ಅಂಗಡಿಯಲ್ಲಿ ಕೇಳಿ. "ಲೈಫ್ ಎಷ್ಟು" ಅಂತ ಮೊದಲ ಪ್ರಶ್ನೆ ಕೇಳಿದರೆ ಅವರು ಗಟ್ಟಿಯದ್ದನ್ನೇ ಎತ್ತಿ ಕೊಡುತ್ತಾರೆ. ನನ್ನ ಗಾಡಿಯಲ್ಲಿ ಈಗ ಯಾವುದಿದೆ ಅಂತ ಹೇಳುವುದಿಲ್ಲ, ಹೇಳಿದರೆ ಗಾಳಿಯ ವಿಷಯ ಬಿಟ್ಟು ಅದನ್ನೇ ತಗೊಂಡುಬಿಡುತ್ತೀರಿ. ನಮ್ಮ ತಂದೆಗೆ ಕೊನೇವರೆಗೂ ಮೈಸೂರಿನ ವಿಕ್ರಾಂತ್ ಬಿಟ್ಟರೆ ಬೇರೆಯದು ಟೈರೇ ಅಲ್ಲ. ಆ ಕಾರ್ಖಾನೆ ಜೆಕೆ ಕೈಗೆ ಹೋದ ಮೇಲೂ ಅಂಗಡಿಗೆ ಹೋಗಿ "ವಿಕ್ರಾಂತ್ ಕೊಡಿ" ಅನ್ನುತ್ತಿದ್ದರು.

ಟೈರಿಗೆ ಗಾಳಿಯ ಬದಲು ನೈಟ್ರೋಜನ್ ತುಂಬಿಸುವ ಬಗ್ಗೆಯೂ ಕೇಳಿದ್ದೀರಿ. ಮಾಮೂಲಿ ಗಾಳಿಯಲ್ಲೇ 78 ಪಾಲು ನೈಟ್ರೋಜನ್ ಇದೆ. ಅದಕ್ಕೆ ಕೊಡುವ ದುಡ್ಡನ್ನು ಕೂಡಿಸಿ ಒಂದು ಸ್ವಂತ ಗೇಜ್ ತಗೊಳ್ಳಿ, ಕೆಲವು ನೂರು ರೂಪಾಯಿ.

ಮೆತ್ತಗಾಗಲಿ ಅಂತ ಚೀಟಿಯಲ್ಲಿ ಇರುವುದಕ್ಕಿಂತ ಕಡಿಮೆಗೆ ಮಾತ್ರ ಇಳಿಸಬೇಡಿ. ಗಾಳಿ ಕಡಿಮೆ ಇದ್ದರೆ ಗೋಡೆ ವಿಪರೀತ ಮಡಚಿ ಬಿಸಿಯಾಗುತ್ತದೆ, ಹೈವೇಯಲ್ಲಿ ಟೈರ್ ಒಡೆಯುವುದಕ್ಕೆ ಅದೂ ಒಂದು ಕಾರಣ. ಹಿಂದೆ ಮೂರು ಜನ, ಡಿಕ್ಕಿ ತುಂಬ ಸಾಮಾನು ಇದ್ದರೆ ಎಷ್ಟು ಅಂತ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನು ಪಾಲಿಸಿ.

ನಾಳೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆ, ಟೈರ್ ತಣ್ಣಗಿರುವಾಗ ನೋಡಿ. ಓಡಿಸಿದ ಮೇಲೆ ನೋಡಿದರೆ ಬಿಸಿಗೆ ನಾಲ್ಕೈದು ಜಾಸ್ತಿ ತೋರಿಸುತ್ತದೆ. ನಾಲ್ಕೂ ಚಕ್ರದ್ದು, ಚೀಟಿಯಲ್ಲಿ ಇರುವುದು, DOT ಸಾಲಿನ ಕೊನೆಯ ನಾಲ್ಕು ಅಂಕಿ, ಇಷ್ಟನ್ನು ಇಲ್ಲೇ ಕೆಳಗೆ ಬರೆಯಿರಿ. ಟೈರ್ ತಗೋಬೇಕಾ ಬೇಡವಾ ಅಂತ ಆಮೇಲೆ ಮಾತಾಡೋಣ.